ಗೊತ್ತಿದ್ದೂ ‘ಆಯ್ತು ಸರ್’ ಅಂದಿದ್ದೆ

‘ಅಣ್ಣಾ, ಈ ನೀರಲ್ಲಿ ಮೊಸಳೆ ಇದ್ಯಾ?’

ಭಾನುವಾರ ಬೆಳಿಗ್ಗೆ ನನಗೆ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಕೇಳುವವರು ಮಕ್ಕಳು. ‘ಇಲ್ಲ ಪುಟ್ಟಾ, ಏಡಿ ಇದೆ’ ಅನ್ನುತ್ತೇನೆ. ಎರಡನೆಯದು ಅಮ್ಮಂದಿರ ಪ್ರಶ್ನೆ: ‘ನಮಗೆ ಈಜು ಬರಲ್ಲ, ಪರವಾಗಿಲ್ವಾ?’ ಮೂರನೆಯದು ಅಪ್ಪಂದಿರದು: ‘ನೀನು ಓದಲಿಲ್ವೇನಪ್ಪಾ?’ ಓದುತ್ತಿದ್ದೇನೆ ಸರ್, ಬಿ.ಇ. ಸಿವಿಲ್, ಮೂರನೇ ವರ್ಷ ಅಂದರೆ ಅವರಿಗೆ ಸ್ವಲ್ಪ ಗಲಿಬಿಲಿ. ಎಂಜಿನಿಯರಿಂಗ್ ಓದುವ ಹುಡುಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು ತಮ್ಮ ಮಗಳ ಲೈಫ್ ಜಾಕೆಟ್ಟಿನ ಬಕಲ್ ಹಾಕುತ್ತಿರುವುದೇಕೆ ಎಂದು.

ನಮ್ಮೂರು ಉಡುಪಿ ಜಿಲ್ಲೆಯ ಹಂಗಾರಕಟ್ಟೆಯ ಹತ್ತಿರ. ಘಟ್ಟದಿಂದ ಇಳಿದು ಬರುವ ಸೀತಾ ನದಿ ಇಲ್ಲಿ ಸ್ವರ್ಣಾ ನದಿಯ ಜೊತೆ ಸೇರಿ, ಕೋಡಿ ಬೆಂಗ್ರೆಯ ತುದಿಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಬೆಂಗ್ರೆ ಎಂದರೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಒಂದು ರಸ್ತೆ, ಕೆಲವು ಮನೆ, ತೆಂಗಿನ ಮರ. ಹೊಳೆಯ ಮಧ್ಯೆ ಕುದ್ರುಗಳು. ಕುದ್ರುಗಳ ಅಂಚಿಗೆ ಕಾಂಡ್ಲಾ ಗಿಡಗಳು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಕೋಡಿ ಎಂಬ ಹೆಸರು ಹೊಸದಲ್ಲ. ಕಡಲು ಮತ್ತು ಹೊಳೆಯ ನಡುವಿನ ಬದುಕು ಎಂದರೆ ಏನು ಎಂದು ಆ ಕಾದಂಬರಿ ಓದಿದವರಿಗೆ ನಾನು ಹೇಳಬೇಕಾಗಿಲ್ಲ.

ಈ ಹಿನ್ನೀರಿನಲ್ಲಿ ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಪ್ರವಾಸಿ ಕುಟುಂಬಗಳನ್ನು ಕಯಾಕ್‌ನಲ್ಲಿ ಕರೆದುಕೊಂಡು ಹೋಗುವುದು ನನ್ನ ಪಾರ್ಟ್‌ಟೈಮ್ ಕೆಲಸ. ದಿನಕ್ಕೆ 700 ರೂಪಾಯಿ. ಎರಡನೇ ವರ್ಷದಲ್ಲಿ ಪರೀಕ್ಷಾ ಶುಲ್ಕ, ಬಸ್ ಪಾಸ್, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎಲ್ಲ ಒಟ್ಟಿಗೇ ತಲೆ ಮೇಲೆ ಬಂದಾಗ ಸೇರಿಕೊಂಡೆ. ಅಪ್ಪ ಮಲ್ಪೆಯಿಂದ ಆಳಸಮುದ್ರದ ಬೋಟಿಗೆ ಹೋಗುವವರು. ಹೋದರೆ ಎಂಟು ಹತ್ತು ದಿನ ಮನೆಗೆ ಬರುವುದಿಲ್ಲ. ನನ್ನ ಕೆಲಸದ ಸುದ್ದಿ ಕೇಳಿ ಅಮ್ಮ ಖುಷಿಪಡಲಿಲ್ಲ. ‘ನೀರಿಂದ ಮೇಲೆ ಬರ್ಲಿ ಅಂದೇಳಿ ಓದ್ಸದ್ ಮಗಾ. ನೀ ಕಂಡ್ರೆ ಮತ್ತೂ ನೀರಿಗೇ ಇಳಿತೆ’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ತೂತು ಬಿದ್ದ ದೋಣಿ

ಕಯಾಕ್ ಎಂದರೆ ಮೂಲದಲ್ಲಿ ಹಿಮಪ್ರದೇಶದ ಇನ್ಯೂಟ್ ಜನ ಸೀಲ್ ಚರ್ಮ ಹೊದಿಸಿ ಮಾಡುತ್ತಿದ್ದ ಬೇಟೆಯ ದೋಣಿ. ಕನೂ ದೋಣಿಯ ಹುಟ್ಟಿಗೆ ಒಂದೇ ಅಲಗು. ಕಯಾಕ್‌ನ ಹುಟ್ಟಿಗೆ ಎರಡೂ ತುದಿಗೆ ಅಲಗು. ನಮ್ಮಲ್ಲಿರುವುದು ಮೇಲೆ ಕೂತು ಹೋಗುವ ಪ್ಲಾಸ್ಟಿಕ್ ಕಯಾಕ್. ಅದರ ತಳಕ್ಕೆ ಆರ್‌ಪಾರ್ ತೂತುಗಳಿರುತ್ತವೆ. ಅದನ್ನು ನೋಡಿದ ಕೂಡಲೇ ‘ಅಯ್ಯೋ, ತೂತು ಬಿದ್ದಿದೆ, ಬೇರೆ ಕೊಡಿ’ ಅನ್ನದ ಕುಟುಂಬ ಅಪರೂಪ. ಒಳಗೆ ಬಂದ ನೀರು ಹೊರಗೆ ಹೋಗಲೆಂದೇ ಮಾಡಿದ ತೂತು ಅದು, ದೋಣಿಯ ಹೊಟ್ಟೆಯೊಳಗಿನ ಗಾಳಿ ಅದನ್ನು ತೇಲಿಸುತ್ತದೆ ಎಂದು ವಿವರಿಸುವುದರಿಂದ ನನ್ನ ಪಾಠ ಶುರು.

ಆಮೇಲೆ ಹತ್ತು ನಿಮಿಷ ದಡದ ಮೇಲೆಯೇ ಅಭ್ಯಾಸ. ಜಾಕೆಟ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡುತ್ತೇನೆ. ಅದು ಕಿವಿಯವರೆಗೆ ಬಂದರೆ ಆ ಜಾಕೆಟ್ ಅವರದಲ್ಲ. ಭಾರ ಜಾಸ್ತಿ ಇರುವವರು ಹಿಂದಿನ ಸೀಟಿಗೆ. ಮಗುಚಿದರೆ ಮೊದಲು ದೋಣಿ ಹಿಡಿದುಕೊಳ್ಳಬೇಕು. ಸೆಲ್ಫಿಗಾಗಿ ಎದ್ದು ನಿಲ್ಲಬಾರದು.

‘ಯಾಕೆ ನಿಲ್ಲಬಾರದು?’ ಎಂದು ಒಬ್ಬ ಹುಡುಗ ಒಮ್ಮೆ ಪಟ್ಟು ಹಿಡಿದ. ತೇಲುವ ವಸ್ತುವಿನ ಗುರುತ್ವ ಕೇಂದ್ರ ಮೆಟಾಸೆಂಟರ್‌ಗಿಂತ ಕೆಳಗೆ ಇರುವವರೆಗೆ ಅದು ವಾಲಿದರೂ ಮತ್ತೆ ನೆಟ್ಟಗಾಗುತ್ತದೆ. ನೀನು ಎದ್ದು ನಿಂತರೆ ನಿನ್ನ ಭಾರವೆಲ್ಲ ಮೇಲೆ ಹೋಯಿತು, ಆಗ ವಾಲಿದ ದೋಣಿ ವಾಲುತ್ತಲೇ ಹೋಗುತ್ತದೆ. ಇಷ್ಟನ್ನು ಹುಟ್ಟಿನಿಂದ ಮರಳಿನ ಮೇಲೆ ಗೀಚಿ ತೋರಿಸಿದೆ. ಹೇಳಿ ಮುಗಿಸಿದ ಮೇಲೆ ನನಗೇ ನಗು ಬಂತು. ಫ್ಲೂಯಿಡ್ ಮೆಕ್ಯಾನಿಕ್ಸ್ ನನಗೆ ಆಗ ಬ್ಯಾಕ್‌ಲಾಗ್. ಇದೇ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಬಿಟ್ಟು ಬಂದಿದ್ದೆ. ಮುಂದಿನ ಸಲ ಬರೆದು ಪಾಸಾದೆ.

ಕಾಂಡ್ಲಾದ ನಡುವಿನ ಕಿರು ತೊರೆಗಳಲ್ಲಿ ಕುಟುಂಬಗಳು ಬದಲಾಗುವುದನ್ನು ನೋಡುವುದು ನನಗೆ ಇಷ್ಟ. ಮೊದಲ ಕಾಲು ಗಂಟೆ ಗಂಡ ಹೆಂಡತಿ ಜಗಳ: ‘ನೀನು ಎಡಕ್ಕೆ ಹಾಕು ಅಂದ್ರೆ ಬಲಕ್ಕೆ ಹಾಕ್ತೀಯ!’ ಆಮೇಲೆ ಇಬ್ಬರ ಹುಟ್ಟೂ ಒಂದೇ ಲಯಕ್ಕೆ ಬರುತ್ತದೆ, ಮಾತು ನಿಲ್ಲುತ್ತದೆ. ಮರದಲ್ಲಿರುವಾಗಲೇ ಮೊಳೆತು ಕೋಲಿನಂತೆ ನೇತಾಡುವ ಕಾಂಡ್ಲಾ ಬೀಜ ತೋರಿಸುತ್ತೇನೆ. ಕೆಸರಿನಿಂದ ಪೆನ್ಸಿಲ್ಲಿನಂತೆ ಮೇಲೆದ್ದ ಉಸಿರಾಟದ ಬೇರು ತೋರಿಸುತ್ತೇನೆ. ಗರುಡ ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋದರೆ ಯಾರೂ ಹೇಳದಿದ್ದರೂ ಎಲ್ಲರೂ ಹುಟ್ಟು ನಿಲ್ಲಿಸುತ್ತಾರೆ.

ಆ ಸಂಜೆ

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಕಳೆದ ಡಿಸೆಂಬರಿನ ಒಂದು ಭಾನುವಾರ. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ದಾವಣಗೆರೆಯಿಂದ ಬಂದ ಕುಟುಂಬ: ಅಪ್ಪ, ಅಮ್ಮ, ಹದಿನಾಲ್ಕರ ಮಗ, ಒಂಬತ್ತರ ಮಗಳು, ಅಜ್ಜಿ. ಅಜ್ಜಿ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅಪ್ಪ, ಮಗ ಒಂದು ಕಯಾಕ್. ಅಮ್ಮ, ಮಗಳು ಇನ್ನೊಂದು. ನಾನು ಒಂಟಿ ಕಯಾಕ್‌ನಲ್ಲಿ. ಸಂಜೆ ನಾಲ್ಕು ಗಂಟೆ.

ನಮ್ಮ ಮಾಮೂಲಿ ದಾರಿ ಕಾಂಡ್ಲಾದೊಳಗೆ ಹೊಕ್ಕು ಒಂದು ಕುದ್ರು ಸುತ್ತಿ ಬರುವುದು. ಅರ್ಧ ದಾರಿಯಲ್ಲಿ ಅಪ್ಪ ಕೇಳಿದರು: ‘ಅಷ್ಟು ದೂರದಿಂದ ಬಂದೀವಿ ತಮ್ಮಾ, ಹೊಳೆ ಸಮುದ್ರ ಕೂಡೋ ಜಾಗ ತೋರ್ಸಪ್ಪಾ. ಸೂರ್ಯ ಮುಳುಗೋ ಟೈಮಿಗೆ ಒಂದು ಫೋಟೊ ಆಗಿಬಿಡ್ಲಿ. ಎಕ್ಸ್ಟ್ರಾ ಎಷ್ಟಾಗುತ್ತೆ ಕೊಡ್ತೀನಿ.’

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅವತ್ತು ಉಬ್ಬರ ಮುಗಿದದ್ದು ಮಧ್ಯಾಹ್ನವೇ. ಎರಡು ನದಿಗಳ ಹಿನ್ನೀರು ಒಂದೇ ಬಾಗಿಲಿನಿಂದ ಕಡಲಿಗೆ ಓಡುತ್ತಿದ್ದ ಹೊತ್ತು ಅದು. ಮೇಲಿಂದ ಸಂಜೆಯ ಪಡುಗಾಳಿ ಎದುರಿಗೆ ಬೀಸುತ್ತಿತ್ತು. ಹೊರಗೆ ಓಡುವ ನೀರಿಗೆ ಒಳಗೆ ಬೀಸುವ ಗಾಳಿ ಡಿಕ್ಕಿ ಹೊಡೆದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಇದು ಪುಸ್ತಕದಿಂದ ಕಲಿತದ್ದಲ್ಲ. ಚಿಕ್ಕಂದಿನಿಂದ ನೋಡಿದ್ದು.

ಆದರೆ ಎದುರಿಗಿದ್ದವರು ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಸಂಭಾವಿತರು. ನಮ್ಮ ಸೀನಿಯರ್ ಗೈಡ್ ಬೇರೆ ಗುಂಪಿನ ಜೊತೆ ದೂರದಲ್ಲಿದ್ದರು. ‘ಅಲ್ಲಿಗೆ ಬೇಡ ಸರ್’ ಎಂಬ ಮಾತು ಬಾಯಿಗೆ ಬಂತು. ಹೊರಗೆ ಬಂದದ್ದು ‘ಆಯ್ತು ಸರ್, ಸ್ವಲ್ಪ ದೂರ ಹೋಗೋಣ’.

ಸ್ವಲ್ಪ ದೂರ ಹೋದದ್ದು ನಮ್ಮ ಕೈಯಿಂದಲ್ಲ, ನೀರಿನಿಂದ. ಹೋಗುವಾಗ ಎಲ್ಲರಿಗೂ ಸಂಭ್ರಮ, ಹುಟ್ಟು ಹಾಕದಿದ್ದರೂ ಕಯಾಕ್ ಓಡುತ್ತಿತ್ತು. ಅಳಿವೆಬಾಗಿಲು ಕಣ್ಣಿಗೆ ಬಿದ್ದ ಕೂಡಲೇ ತಿರುಗಿ ಅಂದೆ. ಅಪ್ಪ, ಮಗ ಕಷ್ಟಪಟ್ಟು ತಿರುಗಿಸಿದರು. ಅಮ್ಮ, ಮಗಳ ಕಯಾಕ್ ತಿರುಗಿತು, ಆದರೆ ಮುಂದೆ ಬರಲಿಲ್ಲ. ಅವರು ಹುಟ್ಟು ಹಾಕುತ್ತಲೇ ಇದ್ದಾರೆ, ದಡದ ತೆಂಗಿನ ಮರಗಳು ಮಾತ್ರ ಅವರನ್ನು ಬಿಟ್ಟು ಹಿಂದೆ ಹಿಂದೆ ಹೋಗುತ್ತಿವೆ. ಮಗು ಹುಟ್ಟು ಬಿಟ್ಟು ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡಿತು.

ಅಪ್ಪ ಮಗನಿಗೆ ಬದಿಯಲ್ಲಿದ್ದ ಮರಳ ದಿಬ್ಬ ತೋರಿಸಿ, ಅಲ್ಲಿ ಹತ್ತಿ ಕೂರಿ ಎಂದು ಕೂಗಿ ಇವರ ಹತ್ತಿರ ಹೋದೆ. ಹಗ್ಗ ಕಟ್ಟಿ ಎಳೆದೆ. ಗಿಡ್ಡ ಹಗ್ಗ, ಪ್ರತಿ ಅಲೆಗೂ ಅವರ ಕಯಾಕ್ ಬಂದು ನನ್ನದಕ್ಕೆ ಬಡಿಯುತ್ತಿತ್ತು. ನೇರ ಹಿಂದಕ್ಕೆ ಹೋಗುವುದು ಆಗದ ಮಾತು ಎಂದು ಗೊತ್ತಾದ ಮೇಲೆ ಹೊಳೆಗೆ ಅಡ್ಡಲಾಗಿ, ಸೆಳೆತ ಕಡಿಮೆಯಿರುವ ಬದಿಗೆ ಎಳೆಯತೊಡಗಿದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಕಾಲಿಗೆ ಮರಳು ತಾಗಿದಾಗ ಕೈ ನಡುಗುತ್ತಿತ್ತು.

ಐದೂ ಜನ ದಿಬ್ಬದ ಮೇಲೆ ಒಟ್ಟಾದೆವು. ಫೋನ್ ಮಾಡಿದೆ. ನಮ್ಮವರು ಬರುವ ಮೊದಲೇ ಬಲೆ ಮುಗಿಸಿ ಬರುತ್ತಿದ್ದ ಹಿರಿಯರೊಬ್ಬರ ಎಂಜಿನ್ ದೋಣಿ ಕಂಡಿತು. ಹತ್ತಿರ ಬಂದವರು ನನ್ನನ್ನು ಗುರುತಿಸಿದರು. ‘ಎಂತ ಮಾರಾಯಾ, ಇಳ್ತದ್ ಹೊತ್ತಿಗೆ ಅಳ್ವಿಬಾಗ್ಲಿಗೆ ಮಕ್ಳ್ ಕರ್ಕಂಡ್ ಬಪ್ದಾ? ನೀ ಯಾರ್ ಮಗ ಅಂದೇಳಿ ಗೊತ್ತಿತ್ತಾ ನಿಂಗೆ?’ ಅಂದರು. ಬೈದದ್ದು ಅಷ್ಟೇ. ಎಲ್ಲರನ್ನೂ ಹತ್ತಿಸಿಕೊಂಡು, ಕಯಾಕ್‌ಗಳನ್ನು ಹಿಂದೆ ಕಟ್ಟಿ ಎಳೆದು ತಂದರು. ಸೂರ್ಯ ಮುಳುಗಿದ್ದ. ಯಾರೂ ಫೋಟೊ ತೆಗೆಯಲಿಲ್ಲ.

ದೋಣಿಯಲ್ಲಿ ಟವೆಲ್ ಸುತ್ತಿಕೊಂಡು ನನ್ನ ಪಕ್ಕ ಕೂತಿದ್ದ ಆ ಹುಡುಗಿ ಬಹಳ ಹೊತ್ತಿನ ಮೇಲೆ ಕೇಳಿದಳು: ‘ಅಣ್ಣಾ, ಹಿಂಗಾಗುತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?’

ಅವಳಪ್ಪ ನನ್ನ ಮುಖ ನೋಡಿದರು. ಗೊತ್ತಿರಲಿಲ್ಲ ಅನ್ನಬಹುದಿತ್ತು. ನೀರನ್ನು ಯಾರು ಬಲ್ಲರು ಅನ್ನಬಹುದಿತ್ತು. ‘ಗೊತ್ತಿತ್ತು ಪುಟ್ಟಾ’ ಅಂದೆ. ‘ಮತ್ಯಾಕೆ ಹೇಳ್ಲಿಲ್ಲ?’ ಅಂದಳು. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

‘ಬೇಡ’ ಅನ್ನುವ ಕೆಲಸ

ನಡೆದದ್ದನ್ನೆಲ್ಲ ಅವತ್ತೇ ರಾತ್ರಿ ನಮ್ಮ ಸೀನಿಯರ್‌ಗೆ ಹೇಳಿದೆ. ಎರಡು ವಾರ ನನ್ನನ್ನು ನೀರಿಗೆ ಇಳಿಸಲಿಲ್ಲ. ದಡದಲ್ಲಿ ಜಾಕೆಟ್ ತೊಳೆದು ಒಣಗಿಸುವ ಕೆಲಸ. ಮೂರನೇ ವಾರ ಕಟ್ಟೆಯ ಬಳಿ ಒಂದು ಬಿದಿರು ನೆಟ್ಟು, ಅದಕ್ಕೆ ಕೆಂಪು ಬಣ್ಣದ ಗೆರೆ ಎಳೆದು ಅವರು ಹೇಳಿದರು: ‘ಸಂಜೆ ಟ್ರಿಪ್ಪಿಗೆ ನೀರು ಈ ಗೆರೆಗಿಂತ ಕೆಳಗೆ ಹೋಗಿದ್ದರೆ ಕುದ್ರುವಿನಿಂದ ಆಚೆ ಇಲ್ಲ. ಕೇಳಿದವರು ಯಾರೇ ಆಗಿರಲಿ. ಹುಟ್ಟು ಹಾಕಲಿಕ್ಕೆ ನಿನಗೆ ನಾನು ಸಂಬಳ ಕೊಡುವುದಲ್ಲ, ಅದನ್ನು ಅವರೇ ಹಾಕುತ್ತಾರೆ. ಬೇಡ ಅನ್ನಲಿಕ್ಕೆ ಕೊಡುವುದು.’

ನಮಗೆ ಯಾರೂ ಇದನ್ನು ಕಲಿಸಿಲ್ಲ ಅಲ್ಲವೇ? ಮನೆಯಲ್ಲಿ ದೊಡ್ಡವರ ಮಾತಿಗೆ ಹೂಂ, ತರಗತಿಯಲ್ಲಿ ಎಸ್ ಸರ್, ಪ್ಲೇಸ್‌ಮೆಂಟ್ ತರಬೇತಿಯಲ್ಲೂ ‘ಯಾವ ಕೆಲಸಕ್ಕೂ ಸಿದ್ಧ ಎಂದು ಹೇಳಿ’ ಎಂಬ ಪಾಠ. ಇಲ್ಲ ಅಂದರೆ ಅಹಂಕಾರ ಅಂದುಕೊಳ್ಳುತ್ತಾರೆ, ಕೆಲಸ ಬಾರದವನು ಅಂದುಕೊಳ್ಳುತ್ತಾರೆ ಎಂಬ ಭಯ. ನಾಳೆ ನಾನು ಯಾವುದೋ ಸೈಟಿನಲ್ಲಿ ನಿಂತಿರುತ್ತೇನೆ. ಕಾಂಕ್ರೀಟ್ ಇನ್ನೂ ಗಟ್ಟಿಯಾಗಿಲ್ಲ ಎಂದು ಗೊತ್ತಿರುತ್ತದೆ. ‘ಏನಾಗಲ್ಲ, ಸೆಂಟ್ರಿಂಗ್ ಬಿಚ್ಚಿಸಿ’ ಎಂದು ನನಗಿಂತ ದೊಡ್ಡವರೊಬ್ಬರು ಅಷ್ಟೇ ಪ್ರೀತಿಯಿಂದ ಹೇಳುತ್ತಾರೆ. ಅವತ್ತೂ ‘ಆಯ್ತು ಸರ್’ ಅಂದರೆ ದಡಕ್ಕೆ ಎಳೆದು ತರಲು ಯಾರ ದೋಣಿಯೂ ಬರುವುದಿಲ್ಲ.

‘ಬೇಡ’ ಅನ್ನುವುದಕ್ಕೂ ಒಂದು ರೀತಿ ಇದೆ ಎಂದು ನಿಧಾನಕ್ಕೆ ಕಲಿತೆ. ಬರೀ ‘ಆಗಲ್ಲ’ ಅಂದರೆ ಜನ ಸಿಟ್ಟಾಗುತ್ತಾರೆ. ಬಿದಿರಿನ ಬಳಿ ಕರೆದುಕೊಂಡು ಹೋಗಿ ಗೆರೆ ತೋರಿಸುತ್ತೇನೆ. ಒಂದು ತೆಂಗಿನ ಗರಿ ನೀರಿಗೆ ಹಾಕಿ, ಅದು ಎಷ್ಟು ವೇಗವಾಗಿ ಹೋಗುತ್ತದೆ ನೋಡಿ ಅನ್ನುತ್ತೇನೆ. ‘ನಾಳೆ ಬೆಳಿಗ್ಗೆ ಉಬ್ಬರದ ಹೊತ್ತಿಗೆ ಬನ್ನಿ, ನೀರು ನಿಂತಿರುತ್ತದೆ’ ಎಂದು ಸಮಯ ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದೆ ಕಾರು ಹತ್ತಿ ಹೋದವರೂ ಇದ್ದಾರೆ. ಫೆಬ್ರುವರಿಯಲ್ಲಿ ಎಂಟು ಜನರ ಗುಂಪೊಂದು ಹಾಗೆ ಹೋಯಿತು. ಆ ದಿನ ಬೇರೆ ಟ್ರಿಪ್ ಸಿಗಲಿಲ್ಲ. ಸೀನಿಯರ್ ಏನೂ ಅನ್ನಲಿಲ್ಲ, 700 ರೂಪಾಯಿ ಎಣಿಸಿ ಕೊಟ್ಟರು.

ಅಪ್ಪನಿಗೆ ಈ ವಿಷಯ ಹೇಳಲು ಧೈರ್ಯ ಬಂದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ, ಅಪ್ಪ ಮನೆಯಲ್ಲಿ. ಮಳೆಗಾಲದಲ್ಲಿ ನಮ್ಮ ಕಯಾಕ್‌ಗಳಿಗೂ ರಜೆ. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಬೈಗುಳ ನಿರೀಕ್ಷಿಸಿದ್ದೆ. ಅವರು ಕೇಳಿದ್ದು ಒಂದೇ: ‘ಹಗ್ಗ ಎಷ್ಟ್ ಉದ್ದ ಇದ್ದಿತ್?’ ಒಂದೂವರೆ ಮಾರು ಅಂದೆ. ಎದ್ದು ಒಳಗೆ ಹೋಗಿ ಏಳೆಂಟು ಮಾರು ನೈಲಾನ್ ಹಗ್ಗ ತಂದರು. ಅಲೆಯಲ್ಲಿ ಎಳೆಯುವಾಗ ಎರಡು ದೋಣಿಗಳ ನಡುವೆ ಅಲೆಗೆ ಜಾಗ ಬಿಡಬೇಕು ಎಂದರು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕುವುದನ್ನು ಮೂರು ಸಲ ತೋರಿಸಿದರು. ನಾಲ್ಕನೇ ಸಲ ನನ್ನ ಕೈಗೆ ಕೊಟ್ಟರು. ಒಳಗಿನಿಂದ ಅಮ್ಮ ನೋಡುತ್ತಿದ್ದರು. ನೀರಿನ ಬಗ್ಗೆ ಏನೂ ಅನ್ನಲಿಲ್ಲ.

ಈಗ ಕ್ಯಾಂಪಸ್ ಸಂದರ್ಶನಗಳಿಗೆ ರೆಸ್ಯೂಮೆ ಬರೆಯುತ್ತಿದ್ದೇನೆ. ‘ಕಯಾಕ್ ಗೈಡ್’ ಎಂದು ಒಂದು ಸಾಲು ಹಾಕಿದ್ದಕ್ಕೆ ಗೆಳೆಯರು, ಇದೆಲ್ಲ ಯಾಕೋ, ಇಂಟರ್ನ್‌ಶಿಪ್ ಇದ್ರೆ ಹಾಕು ಅಂದರು. ತೆಗೆದಿಲ್ಲ. ಸಂದರ್ಶನದಲ್ಲಿ ಅದರ ಬಗ್ಗೆ ಯಾರಾದರೂ ಕೇಳಿದರೆ ಕಾಂಡ್ಲಾ, ಗರುಡ, ಸೂರ್ಯಾಸ್ತದ ಕಥೆ ಹೇಳುವುದಿಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಎರಡು ಪ್ರಶ್ನೆಗಳನ್ನು ಹೇಳುತ್ತೇನೆ. ಮೊದಲನೆಯದಕ್ಕೆ ಅವತ್ತೇ ಉತ್ತರ ಕೊಟ್ಟಿದ್ದೆ. ಎರಡನೆಯದಕ್ಕೆ ಪ್ರತಿ ಭಾನುವಾರ ಬಿದಿರಿನ ಬಳಿ ನಿಂತು ಉತ್ತರ ಕೊಡುತ್ತಿದ್ದೇನೆ.