ಓಮ್ನಿಯ ಹಿಂಬಾಗಿಲು ಕಲಿಸಿದ ಲೆಕ್ಕ

ಬೆಳಗಿನ ಆರೂವರೆಗೆ ನಮ್ಮ ರಾಜ್ಯದ ಯಾವ ಪೇಟೆಯಲ್ಲಾದರೂ ಸುತ್ತಾಡಿ ನೋಡಿ. ರಸ್ತೆ ಬದಿಗೆ ಒಂದು ಮಾರುತಿ ಓಮ್ನಿ ನಿಂತಿರುತ್ತದೆ. ಹಿಂಬಾಗಿಲು ಮೇಲೆದ್ದರೆ ಅದೇ ಹೋಟೆಲ್. ಒಳಗೆ ಇಡ್ಲಿ ಪಾತ್ರೆ, ಚಿತ್ರಾನ್ನದ ಡಬರಿ. ಬಡಿಸುವವರ ತಲೆಯ ಮೇಲೆ ಚಾವಣಿಯಂತೆ ಆ ಬಾಗಿಲು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಲ್ಲಿ ರಸ್ತೆಗಿಳಿದ, 796 ಸಿ.ಸಿ. ಎಂಜಿನ್ನಿನ ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತಿದೆ. ಆದರೂ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಅದರಿಂದಲೇ. ನಮ್ಮದೂ ಅಂಥದೇ ಮನೆ.

ಅಪ್ಪನ ಓಮ್ನಿ 2007ರದ್ದು. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿಗೆ ಹೋಗುವವರಿಗೆ ಅಪ್ಪ-ಅಮ್ಮ ತಿಂಡಿ ಕೊಡುತ್ತಾರೆ. ನನ್ನ ಬಿ.ಇ. ಫೀಸಿನ ಒಂದು ಪಾಲು ಆ ಇಡ್ಲಿಗಳಿಂದ ಬಂದದ್ದು. ಕಳೆದ ಚಳಿಗಾಲದಲ್ಲಿ ಬಾಗಿಲು ತಾನಾಗಿಯೇ ಕೆಳಗಿಳಿಯತೊಡಗಿತು. ಅಪ್ಪ ಒಂದು ಬಿದಿರು ಕೋಲು ಊರಿದರು. ಒಂದು ದಿನ ಕೋಲು ಜಾರಿ, ಬಾಗಿಲು ಅಮ್ಮನ ಭುಜಕ್ಕೆ ಬಡಿಯಿತು. ಅವರ ಎದುರಿಗೇ ಕುದಿಯುವ ಸಾಂಬಾರು ಇತ್ತು. ಅರ್ಧ ಅಡಿ ಆಚೀಚೆ ಆಗಿದ್ದರೆ ಏನಾಗುತ್ತಿತ್ತೋ! ಆ ಸಂಜೆಯೇ ಗಾಡಿಯನ್ನು ಟಿಂಕರಿಂಗ್ ಶೆಡ್ಡಿಗೆ ಒಯ್ದೆವು.

ಬಾಗಿಲನ್ನು ಎತ್ತಿ ಹಿಡಿಯುವುದು ಅಕ್ಕಪಕ್ಕದ ಎರಡು ಗ್ಯಾಸ್ ಸ್ಟ್ರಟ್‌ಗಳು. ಮೆಕ್ಯಾನಿಕ್‌ಗಳ ಬಾಯಲ್ಲಿ ಅವು ‘ಡಿಕ್ಕಿ ಶಾಕರ್’. ಒಳಗೆ ಹೆಚ್ಚಿನ ಒತ್ತಡದಲ್ಲಿ ನೈಟ್ರೋಜನ್ ಅನಿಲ ಮತ್ತು ಸ್ವಲ್ಪ ಎಣ್ಣೆ ಇರುತ್ತದೆ. ವರ್ಷಗಳು ಕಳೆದಂತೆ ಸೀಲ್ ಸವೆದು ಅನಿಲ ಸೋರುತ್ತದೆ. ಚಳಿಯಲ್ಲಿ ಅನಿಲದ ಒತ್ತಡ ಇನ್ನಷ್ಟು ಇಳಿಯುತ್ತದೆ. ನಮ್ಮ ಬಾಗಿಲು ಮಧ್ಯಾಹ್ನ ನಿಂತು, ಬೆಳಿಗ್ಗೆ ಮಾತ್ರ ಕುಸಿಯುತ್ತಿದ್ದುದು ಅದಕ್ಕೇ.

ಶೆಡ್ಡಿನ ಹಿರಿಯರು ಮಾತ್ರ ಸ್ಟ್ರಟ್ ಕಡೆ ನೋಡಲೇ ಇಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಗಿಲಿನ ಅಂಚಿನುದ್ದಕ್ಕೂ ಚುಚ್ಚುತ್ತಾ ಹೋದರು. ಕೆಳಗಿನ ಮಡಿಕೆಯಲ್ಲಿ ತೂತು ಬಿತ್ತು. ಮೇಲೆ ಹಿಂಜ್ ಕೂರುವ ಜಾಗದಲ್ಲೂ ತಗಡು ಹಪ್ಪಳದಂತೆ ಮುರಿಯಿತು. “ಕೆಳಗಡೆ ಮಾತ್ರ ತಿಂದಿದ್ರೆ ಕತ್ತರಿಸಿ ಪ್ಯಾಚ್ ಹಾಕ್ತಿದ್ದೆ ತಮ್ಮಾ. ಹಿಂಜ್ ಹತ್ರನೇ ಹೋಗಿದೆ, ಬಾಗ್ಲೇ ಬದಲಿಸ್ಬೇಕು. ಪುಟ್ಟಿ ಮೆತ್ತಿ ಪೇಂಟ್ ಹೊಡೆದ್ರೆ ನೋಡೋಕೆ ಚೆಂದ, ಭಾರ ಹೊರಲ್ಲ” ಅಂದರು. ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ನಮ್ಮದರಲ್ಲಿ ಅವೆಲ್ಲ ಧೂಳು, ಜಿಡ್ಡಿನಿಂದ ಮುಚ್ಚಿಹೋಗಿದ್ದವು. ಇಡ್ಲಿಯ ಹಬೆ, ಗಾಜಿನ ಬೀಡಿಂಗ್‌ನಿಂದ ನುಸುಳಿದ ಮಳೆನೀರು ಒಳಗೇ ನಿಂತು ತುಕ್ಕು ಬೆಳೆದಿತ್ತು.

ಹಳೆಯ ಬಾಗಿಲು ಕಳಚಿ ತೂಗಿದೆವು: 14 ಕೆ.ಜಿ. ಅದರ ಭಾರದ ಕೇಂದ್ರ ಹಿಂಜ್‌ನಿಂದ ಸುಮಾರು 45 ಸೆಂ.ಮೀ. ದೂರದಲ್ಲಿತ್ತು. ಸ್ಟ್ರಟ್‌ಗಳ ತಳ್ಳುವ ಬಲಕ್ಕೆ ಸಿಗುವ ಲಂಬ ದೂರ ಸುಮಾರು 18 ಸೆಂ.ಮೀ. ಅಂದರೆ 14ನ್ನು 45ರಿಂದ ಗುಣಿಸಿ 18ರಿಂದ ಭಾಗಿಸಿದರೆ 35. ಒಂದೊಂದು ಸ್ಟ್ರಟ್ ಹದಿನೇಳೂವರೆ ಕೆ.ಜಿ.ಯಷ್ಟು ಬಲ ಕೊಡಬೇಕು. ಇನ್ನು ನಮ್ಮ ತಿಂಡಿಯ ಬೋರ್ಡು ಮತ್ತು ಲೈಟು ಸೇರಿ 3 ಕೆ.ಜಿ., ಅದೂ 90 ಸೆಂ.ಮೀ. ದೂರದ ತುದಿಯಲ್ಲಿ! ಅದನ್ನು ಸೇರಿಸಿದರೆ ತಲಾ 25 ಕೆ.ಜಿ. ಬೇಕು. ಮೂರೇ ಕೆ.ಜಿ. ಬೋರ್ಡು ಸ್ಟ್ರಟ್‌ಗಳ ಹೊರೆಯನ್ನು ಶೇ 40ಕ್ಕಿಂತ ಹೆಚ್ಚು ಏರಿಸಿತ್ತು. ಅಪ್ಪ ಲೆಕ್ಕ ನೋಡಿ, “ಇದು ಪರೀಕ್ಷೇಲಿ ಎಷ್ಟು ಮಾರ್ಕ್ಸ್‌ಗೆ ಬರುತ್ತೋ?” ಅಂತ ಕೇಳಿದರು. ಮರುಮಾತಿಲ್ಲದೆ ಬೋರ್ಡನ್ನು ನೆಲದ ಸ್ಟ್ಯಾಂಡಿಗೆ ಇಳಿಸಿದರು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ಬಾಗಿಲು ಸಿಕ್ಕಿತು. ನೀವೂ ಕೊಳ್ಳುವುದಾದರೆ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ಪುಟ್ಟಿ ದಪ್ಪಗಿರುವ ಕಡೆ ಅದು ಅಂಟುವುದಿಲ್ಲ. ಹಿಂಜ್ ಜಾಗ ಮತ್ತು ಕೆಳಗಿನ ಮಡಿಕೆ ಮೊದಲು ನೋಡಿ. ರಸೀದಿ ಕೇಳಿ ಪಡೆಯಿರಿ. ಹಳೆಯ ಬಾಗಿಲಿನ ಬೀಗವನ್ನೇ ಹೊಸದಕ್ಕೆ ಹಾಕಿಸಿದರೆ ಕೀಲಿ ಬದಲಿಸಬೇಕಿಲ್ಲ. ಸ್ಟ್ರಟ್ ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಒಂದು ಹೊಸದು, ಒಂದು ಹಳೆಯದಾದರೆ ಬಾಗಿಲು ತಿರುಚಿಕೊಳ್ಳುತ್ತದೆ. ಹಳೆಯದನ್ನು ಕೊರೆಯುವುದು, ಬೆಂಕಿಗೆ ಹಾಕುವುದು ಬೇಡವೇ ಬೇಡ, ಸಿಡಿಯುತ್ತದೆ. ಕೂರಿಸುವಾಗ ಹಿಂಜ್ ಬೋಲ್ಟ್‌ಗಳನ್ನು ಅರ್ಧ ಬಿಗಿದು, ಸುತ್ತಲಿನ ಸಂದು ಒಂದೇ ಸಮ ಬಂದ ಮೇಲೆ ಪೂರ್ತಿ ಬಿಗಿಯಬೇಕು. ಇದಕ್ಕೆ ಇಬ್ಬರು ಬೇಕೇ ಬೇಕು.

ಎಲ್ಲ ಸೇರಿ ಆದ ಖರ್ಚು ಮೂರು ದಿನದ ವ್ಯಾಪಾರದಷ್ಟು. ಬರೀ ಸ್ಟ್ರಟ್ ಬದಲಿಸಿದ್ದರೆ ಕಡಿಮೆಯಲ್ಲೇ ಮುಗಿಯುತ್ತಿತ್ತು. ಆದರೆ ತುಕ್ಕು ಹಿಡಿದ ಹಿಂಜ್ ಒಂದು ದಿನ ಬಾಗಿಲನ್ನೇ ಕಳಚುತ್ತಿತ್ತು. ನನ್ನ ಲೆಕ್ಕಕ್ಕೆ ಆ ತುಕ್ಕು ಕಾಣಿಸಿರಲಿಲ್ಲ, ಹಿರಿಯರ ಸ್ಕ್ರೂಡ್ರೈವರ್‌ಗೆ ಬೋರ್ಡಿನ ಭಾರ ತಿಳಿದಿರಲಿಲ್ಲ. ಎರಡೂ ಒಂದೇ ಶೆಡ್ಡಿನಲ್ಲಿ ಸೇರಿದ್ದರಿಂದ ಕೆಲಸವಾಯಿತು. ಇಂಟರ್ನ್‌ಶಿಪ್‌ಗಾಗಿ ದೊಡ್ಡ ಕಂಪನಿಗಳಿಗೆ ಮೇಲ್ ಕಳಿಸಿ ಕಾಯುತ್ತಿರುವ ಗೆಳೆಯರೇ, ಉತ್ತರ ಬರುವವರೆಗೆ ನಿಮ್ಮೂರಿನ ಶೆಡ್ಡಿನಲ್ಲಿ ಎರಡು ಭಾನುವಾರ ಕಳೆಯಿರಿ. ಕೈಗೆ ಗ್ರೀಸ್ ಆಗುತ್ತದೆ, ಅಷ್ಟೇ. ಅಮ್ಮ ಈಗ ಮೇಲೆ ನೋಡದೆ ಸಾಂಬಾರು ಬಡಿಸುತ್ತಾರೆ.