ಊರಲ್ಲಿ ಎರಡು ಬಾಡಿಗೆ ಮನೆ, ಕೆಲಸ ಬೆಂಗಳೂರಲ್ಲಿ

"ನಿನಗೇನಪ್ಪಾ, ಊರಲ್ಲಿ ಎರಡು ಮನೆ ಬಾಡಿಗೆಗೆ ಬಿಟ್ಟಿದೀಯ. ಕೂತು ತಿನ್ನೋ ದುಡ್ಡು!"

ಆಫೀಸಿನಲ್ಲಿ ಊಟದ ಹೊತ್ತಿಗೆ ತಿಂಗಳಿಗೊಮ್ಮೆಯಾದರೂ ಈ ಮಾತು ಬರುತ್ತೆ. ನಾನು ನಕ್ಕು ಸುಮ್ಮನಾಗ್ತೀನಿ. ಎಷ್ಟೋ ಸಲ ಅದೇ ಹೊತ್ತಿಗೆ ಫೋನಿಗೆ ಊರಿಂದ ಒಂದು ಫೋಟೊ ಬಂದು ಕೂತಿರುತ್ತೆ. ಸೋರುತ್ತಿರೋ ನಳ, ಬಿರುಕು ಬಿಟ್ಟ ಗೋಡೆ, ಇಲ್ಲಾಂದ್ರೆ ಸುಟ್ಟುಹೋದ ಮೋಟರ್.

ನಮ್ಮೂರು ಬಾಗಲಕೋಟೆ ಜಿಲ್ಲೆಯ ಹುನಗುಂದ. ಅಪ್ಪ ಕಿರಾಣಿ ಅಂಗಡಿ ನಡೆಸಿ, ಕೂಡಿಟ್ಟ ದುಡ್ಡಲ್ಲಿ ಕಟ್ಟಿಸಿದ ಮನೆ ನಮ್ಮದು. ಮುಂದಿನ ಭಾಗದಲ್ಲಿ ಅವ್ವ ಇದ್ದಾಳೆ. ಮೇಲಿನ ಮಹಡಿಗೆ ತಿಂಗಳಿಗೆ 5,500 ಬಾಡಿಗೆ, ಹಿತ್ತಲ ಕಡೆಯ ಎರಡು ಕೋಣೆಗೆ 3,500. ಅಂಗಡಿ ನಡೆಸಿದವರಿಗೆ ಪಿಂಚಣಿ ಎಲ್ಲಿಂದ ಬರಬೇಕು? ಅಪ್ಪ ತೀರಿಕೊಂಡ ಮೇಲೆ ಅವ್ವನ ಆದಾಯ ಅಂದ್ರೆ ಈ 9,000 ರೂಪಾಯಿ. ಬಿಪಿ ಗುಳಿಗೆ, ಗ್ಯಾಸ್, ಕಾಯಿಪಲ್ಯೆ, ಅಕ್ಕನ ಮಕ್ಕಳು ಬಂದಾಗ ಕೈಗೆ ಕೊಡೋ ದುಡ್ಡು, ಎಲ್ಲ ಇದರಲ್ಲೇ.

ನಾನು ತಿಂಗಳಾ ಹಾಕ್ತೀನಿ ಅಂದ್ರೆ ಅವ್ವ ಒಪ್ಪೋದಿಲ್ಲ. "ನಿನ್ನ ಪಗಾರ ನಿನಗಿರಲಿ ತಮ್ಮಾ. ನನಗ ನನ್ನ ಬಾಡಿಗಿ ಸಾಕು" ಅಂತಾಳೆ. ಹಾಗಾಗಿ ಬಾಡಿಗೆ ನಿಂತರೆ ನಮ್ಮ ಮನೆಯಲ್ಲಿ ನಿಲ್ಲೋದು ಬರೀ ದುಡ್ಡಲ್ಲ. ಮಗನ ಹತ್ರ ಕೈ ಚಾಚದೆ ಬದುಕ್ತೀನಿ ಅನ್ನೋ ಅವಳ ಧೈರ್ಯವೂ ಅಲ್ಲಾಡುತ್ತೆ.

ಕೈಗೆ ಬರೋದು ಎಷ್ಟು?

ಎರಡು ಬಾಡಿಗೆ ಸೇರಿ ತಿಂಗಳಿಗೆ 9,000, ವರ್ಷಕ್ಕೆ 1,08,000 ಆಗಬೇಕು. ಕಾಗದದ ಮೇಲೆ ಚೆನ್ನಾಗಿದೆ. ಒಂದು ವರ್ಷ ಕೂತು ಪೈಸೆ ಪೈಸೆ ಬರೆದಿಟ್ಟೆ. ಮೇಲಿನ ಮನೆ ಎರಡು ತಿಂಗಳು ಖಾಲಿ ಇತ್ತು, 11,000 ಹೋಯ್ತು. ಮಾಳಿಗೆ ಸೋರದಂತೆ ಮಾಡಿಸಿದ್ದು 14,000. ಬಿರುಕು ತುಂಬಿಸಿ ಸುಣ್ಣ-ಬಣ್ಣ ಹೊಡೆಸಿದ್ದು 9,500. ಮೋಟರ್ ರಿವೈಂಡಿಂಗ್ 3,200. ಆಸ್ತಿ ತೆರಿಗೆ, ನೀರಿನ ಕರ ಸೇರಿ 4,300. ಎಲ್ಲ ಕಳೆದರೆ ಕೈಗೆ ಉಳಿದಿದ್ದು 66,000. ತಿಂಗಳಿಗೆ 5,500 ಅಷ್ಟೇ.

ಅಂದ್ರೆ ಹಿತ್ತಲ ಮನೆಯ ಬಾಡಿಗೆ ಪೂರ್ತಿ ಮನೆಯ ಹೊಟ್ಟೆಗೇ ಹೋಯ್ತು! ಅವತ್ತಿಂದ ನಮ್ಮ ಲೆಕ್ಕ ಬದಲಾಯ್ತು. ಅವ್ವನ ಖರ್ಚಿಗೆ ಮೇಲಿನ ಮನೆಯ ದುಡ್ಡು, ಹಿತ್ತಲ ಮನೆಯ 3,500 ಅವಳ ಹೆಸರಿನ ಇನ್ನೊಂದು ಖಾತೆಗೆ. ಮೋಟರ್ ಸುಟ್ಟರೂ, ಮನೆ ಖಾಲಿ ಬಿದ್ದರೂ ದುಡ್ಡು ಆ ಖಾತೆಯಿಂದಲೇ.

ನಮ್ಮ ಕಡೆ ರಿಪೇರಿ ಖರ್ಚು ತಪ್ಪಿಸೋದು ಕಷ್ಟ. ಹುನಗುಂದದ ಸುತ್ತ ಎರೆ ಭೂಮಿ, ಅಂದ್ರೆ ಕಪ್ಪು ಮಣ್ಣು. ಜೋಳ, ಕಡಲೆಗೆ ಬಂಗಾರದಂಥ ನೆಲ. ಅದೇ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತೆ. ಪಾಯದ ಕೆಳಗಿನ ಮಣ್ಣು ಹೀಗೆ ಉಬ್ಬಿ ಕುಗ್ಗಿದಾಗ ಗೋಡೆ ಸೀಳುತ್ತೆ. ಸಿಮೆಂಟ್ ಮೆತ್ತಿದರೆ ಮುಂದಿನ ವರ್ಷ ಮತ್ತೆ ಅದೇ ಜಾಗದಲ್ಲಿ ಗೆರೆ. ಪಾಯದ ಹತ್ತಿರ ನೀರು ನಿಲ್ಲದ ಹಾಗೆ ನೋಡ್ಕೋಳ್ಳೋದೇ ಇದಕ್ಕೆ ಮೊದಲ ಮದ್ದು. ಬಚ್ಚಲ ನೀರಿಗೆ ಪೈಪ್ ಹಾಕಿ ಗೋಡೆಯಿಂದ ದೂರ ಬಿಟ್ಟ ಮೇಲೆ ನಮ್ಮ ಹಿತ್ತಲ ಗೋಡೆ ಸ್ವಲ್ಪ ಸುಮ್ಮನಾಗಿದೆ.

ಬಾಡಿಗೆಗೆ ಬರೋರು ಯಾರು?

ಹುನಗುಂದ ತಾಲ್ಲೂಕು ಕೇಂದ್ರ. ಮೇಲಿನ ಮನೆಗೆ ಬರೋರು ಬಹುತೇಕ ಶಿಕ್ಷಕರು, ಬ್ಯಾಂಕಿನವರು, ಸರ್ಕಾರಿ ನೌಕರರು. ಸಂಬಳ ಖಚಿತ, ಬಾಡಿಗೆ ತಪ್ಪೋದಿಲ್ಲ. ಆದರೆ ವರ್ಗಾವಣೆ ಆದೇಶ ಬಂತಂದ್ರೆ ಹದಿನೈದು ದಿನದಲ್ಲಿ ಮನೆ ಖಾಲಿ. ಮಕ್ಕಳ ಶಾಲೆ ಶುರುವಾಗೋ ಜೂನ್‌ನಲ್ಲಿ ಮನೆ ತುಂಬದಿದ್ರೆ ಆಮೇಲೆ ಕೇಳೋರು ಕಡಿಮೆ. ಹಿತ್ತಲ ಮನೆಗೆ ಬರೋರು ದಿನಗೂಲಿಯವರು, ಇಳಕಲ್ ಕಡೆ ಗ್ರಾನೈಟ್ ಘಟಕಕ್ಕೆ, ಮಗ್ಗದ ಕೆಲಸಕ್ಕೆ ಹೋಗೋರು. ಅಷ್ಟು ಬೇಗ ಊರು ಬಿಡೋರಲ್ಲ, ಆದರೆ ಕೆಲಸ ನಿಂತರೆ ಬಾಡಿಗೆಯೂ ನಿಲ್ಲುತ್ತೆ.

ಮನೆ ಕೇಳಿಕೊಂಡು ಬಂದವರಿಗೆ ಓಣಿಯವರು ಹಾಕೋ ಮೊದಲ ಪ್ರಶ್ನೆ "ಯಾವ ಮಂದಿ?" ಅಂತ. ನಾವು ಕೇಳೋದು ಮೂರೇ. ಏನು ಕೆಲಸ, ಎಷ್ಟು ಜನ, ಹಿಂದಿನ ಮನೆ ಯಾಕೆ ಬಿಟ್ಟಿರಿ. ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿದರೆ ಜಾತಿ ಕೇಳಿದ್ದಕ್ಕಿಂತ ಹೆಚ್ಚು ವಿಷಯ ಗೊತ್ತಾಗುತ್ತೆ.

ನಾಲ್ಕು ತಿಂಗಳ ಬಾಕಿ

ಒಂದು ಬೇಸಿಗೆಯಲ್ಲಿ ಹಿತ್ತಲ ಮನೆಯವನ ಕೆಲಸ ನಿಂತಿತು. ಗ್ರಾನೈಟ್ ಪಾಲಿಶ್ ಮಾಡೋ ಹುಡುಗ, ಹೆಂಡತಿ, ಶಾಲೆಗೆ ಹೋಗೋ ಇಬ್ಬರು ಮಕ್ಕಳು. ಒಂದು ತಿಂಗಳು ಅಂದಿದ್ದು ನಾಲ್ಕು ತಿಂಗಳಾಯ್ತು. ಬಾಕಿ 14,000, ನಮ್ಮ ಹತ್ರ ಇದ್ದ ಅಡ್ವಾನ್ಸ್ 10,000. ರಿಪೇರಿ ಖಾತೆಗೆ ದುಡ್ಡು ಬೀಳೋದು ನಿಂತಿತ್ತು. ಮಳೆ ಬರೋದರೊಳಗೆ ಮಾಳಿಗೆ ರಿಪೇರಿ ಆಗದಿದ್ರೆ ಮೇಲಿನ ಮನೆಯವರೂ ಬಿಟ್ಟು ಹೋಗ್ತೀವಿ ಅಂತಿದ್ದರು. ಅವರೂ ಹೋದರೆ ಅವ್ವನ ಗುಳಿಗೆಯ ದುಡ್ಡಿಗೇ ಪೆಟ್ಟು.

ಓಣಿಯಲ್ಲಿ ಸಲಹೆಗೇನು ಬರ? "ಕರೆಂಟ್ ತಗಸ್ರಿ, ತಾನ ಹೊಕ್ಕಾನ" ಅಂದರು ಒಬ್ಬರು. "ಊರಿಗೆ ಹೋದಾಗ ಕೀಲಿ ಹಾಕಿ ಬಿಡ್ರಿ" ಅಂದರು ಇನ್ನೊಬ್ಬರು. ನಾನು ರಜೆ ಹಾಕಿ ಊರಿಗೆ ಹೋಗಿ ವಕೀಲರನ್ನ ಕಂಡೆ. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮನಿ ನಿಮ್ಮದ ಖರೆ. ಆದ್ರ ಮಂದಿ ಒಳಗಿರೂತನಕ ಕೀಲಿ ಹಾಕೂ ಹಕ್ಕ ನಿಮಗಿಲ್ರಿ."

ಕಾನೂನು ಹೀಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಲ್ಲ ಮನೆಗೂ ಅನ್ವಯಿಸೋದಿಲ್ಲ. ನಮ್ಮಂಥ ಊರುಗಳಲ್ಲಿ ತಿಂಗಳ ಬಾಡಿಗೆ 2,000 ದಾಟಿದರೆ ಆ ಮನೆ ಅದರ ಹೊರಗೆ. ಆಗ ಲೆಕ್ಕಕ್ಕೆ ಬರೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ರೆ, ತಿಂಗಳ ಬಾಡಿಗೆಯವರಿಗೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ರೆ ಸಿವಿಲ್ ನ್ಯಾಯಾಲಯ. ಕೋರ್ಟಿನ ಆದೇಶ ಇಲ್ಲದೆ ಬಲವಂತವಾಗಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಬಾಡಿಗೆದಾರನೇ ಆರು ತಿಂಗಳೊಳಗೆ ದಾವೆ ಹಾಕಿ ಮನೆಯೊಳಗೆ ವಾಪಸ್ ಬರಬಹುದು.

3,500 ರೂಪಾಯಿ ಬಾಡಿಗೆಯ ಮನೆಗೆ ಕೋರ್ಟು, ವಕೀಲರ ಫೀ, ಬೆಂಗಳೂರಿಂದ ಓಡಾಟ ಎಲ್ಲ ಕೂಡಿಸಿದೆ. ಬಾಕಿಗಿಂತ ಖರ್ಚೇ ದೊಡ್ಡದು. ಹಾಗಂತ ಮಾತಿನ ಮೇಲೆ ಬಿಡೋಕೂ ಆಗೋದಿಲ್ಲ. ಅವ್ವ, ನಾನು, ಆ ಗಂಡ-ಹೆಂಡತಿ ಕಟ್ಟೆಯ ಮೇಲೆ ಕೂತು ಒಂದು ಹಾಳೆ ಬರೆದ್ವಿ. ಬಾಕಿ 14,000 ಇದೆ, ಕೆಲಸ ಶುರುವಾದ ಮೇಲೆ ಬಾಡಿಗೆ ಜತೆ ತಿಂಗಳಿಗೆ 1,500 ಹೆಚ್ಚು ಕೊಡಬೇಕು, ಎರಡು ಕಂತು ತಪ್ಪಿದರೆ ಮನೆ ಬಿಡಬೇಕು. ಎಲ್ಲರೂ ಸಹಿ ಹಾಕಿದ್ವಿ, ಎದುರು ಮನೆ ಕಾಕಾ ಸಾಕ್ಷಿ. "ಬರದು ಕೊಟ್ಟಿದ್ದು ಚಲೋ ಆತ್ರಿ ಅಣ್ಣಾರ, ದಿನಾ ಅಮ್ಮಾರ ಮುಖಾ ನೋಡಾಕ ನಾಚಿಕಿ ಆಗತಿತ್ತು" ಅಂದ ಅವನು.

ಮಾಳಿಗೆ ರಿಪೇರಿಗೆ ಆ ಸಲ ನಾನು ದುಡ್ಡು ಹಾಕಿದೆ. ಅವ್ವ ಅದನ್ನ ಸಾಲ ಅಂತಲೇ ಬರೆದುಕೊಂಡಳು.

ಅವನು ಆರು ಕಂತು, 9,000 ಕಟ್ಟಿದ. ಆಮೇಲೆ ತನ್ನ ಹಳ್ಳಿಗೇ ವಾಪಸ್ ಹೋಗೋ ನಿರ್ಧಾರ ಮಾಡಿದ. ಉಳಿದ 5,000 ಅಡ್ವಾನ್ಸಿನಲ್ಲಿ ಮುರಿದುಕೊಂಡು, ಇನ್ನುಳಿದ 5,000 ಅವ್ವ ಅವನ ಹೆಂಡತಿ ಕೈಗೆ ಕೊಟ್ಟಳು. ಎಲ್ಲ ಕಡೆ ಹೀಗೇ ಮುಗಿಯುತ್ತೆ ಅಂತ ನಾನು ಹೇಳೋದಿಲ್ಲ. ಕಂತು ತಪ್ಪಿದ್ದರೆ ನೋಟಿಸ್ ಕಳಿಸೋಕೆ ನಾವು ತಯಾರಿದ್ವಿ, ಅದಕ್ಕೂ ಅದೇ ಹಾಳೆ ಆಧಾರ ಆಗ್ತಿತ್ತು.

ಕಾಗದ ಗಟ್ಟಿ ಇರಲಿ

ಬಾಡಿಗೆ ಕರಾರು ಯಾಕೆ ಯಾವಾಗಲೂ 11 ತಿಂಗಳದ್ದು? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ ಉಪ ನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನ ತಪ್ಪಿಸೋಕೆ ಈ 11. ಕರಾರು ಮುಗಿದ ಮೇಲೆ ಹೊಸದು ಮಾಡಿಸೋಕೆ ಎಲ್ಲರಿಗೂ ಬೇಸರ. ನಾನು ಫೋನಿನ ಕ್ಯಾಲೆಂಡರ್‌ನಲ್ಲಿ ಹತ್ತನೇ ತಿಂಗಳಿಗೇ ನೆನಪು ಹಾಕಿಟ್ಟಿರ್ತೀನಿ.

ಕರಾರಿನ ಜತೆ ಇನ್ನೆರಡು ಹಾಳೆ ಇಡ್ತೀವಿ. ಒಂದರಲ್ಲಿ ಮನೆಯಲ್ಲಿ ಏನೇನಿದೆ ಅನ್ನೋ ಪಟ್ಟಿ: ಎಷ್ಟು ಫ್ಯಾನ್, ಎಷ್ಟು ನಳ, ಮೀಟರ್ ರೀಡಿಂಗ್ ಎಷ್ಟು. ಪ್ರತಿ ಕೋಣೆಯ ಫೋಟೊ ಇಬ್ಬರ ಫೋನಲ್ಲೂ ಇರುತ್ತೆ. ಇನ್ನೊಂದರಲ್ಲಿ ಬಿಟ್ಟು ಹೋಗುವಾಗ ಅಡ್ವಾನ್ಸಿನಲ್ಲಿ ಏನು ಕಡಿತ ಆಗುತ್ತೆ ಅನ್ನೋದು. ಬೆಂಗಳೂರಿನಲ್ಲಿ ನಾನೇ ಬಾಡಿಗೆದಾರ. ಒಂದು ಮನೆ ಬಿಡುವಾಗ, ಮೊದಲು ಹೇಳದೇ ಬಣ್ಣದ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಆ ಸಿಟ್ಟು ನನಗೆ ಗೊತ್ತು. ನಮ್ಮ ಮನೆ ಬಿಟ್ಟು ಹೋಗೋರಿಗೆ ಆ ಸಿಟ್ಟು ಬರಬಾರದು ಅಂತಲೇ ಈ ಹಾಳೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಸತಿ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅನ್ನುತ್ತೆ. ರಾಜ್ಯಗಳು ತಮ್ಮ ಕಾನೂನಿಗೆ ತಂದುಕೊಂಡರಷ್ಟೇ ಅದಕ್ಕೆ ಬಲ.

ವಿದ್ಯುತ್ ಮೀಟರ್ ಬೇರೆ ಬೇರೆ ಇರಲಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದು ಇನ್ನೂ ಮುಖ್ಯ. ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದರೆ 200 ಯೂನಿಟ್ ಸುಲಭವಾಗಿ ದಾಟುತ್ತೆ, ಆಗ ಪೂರ್ತಿ ಬಿಲ್ ಕಟ್ಟಬೇಕು. ಬಾಡಿಗೆದಾರರು ಮನೆ ಬಿಡುವಾಗ ಆ ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಡಿ-ಲಿಂಕ್ ಮಾಡಿಸಿಕೊಂಡು ಹೋಗಲಿ. ಇಲ್ಲದಿದ್ರೆ ಹೊಸ ಊರಲ್ಲಿ ಅವರಿಗೂ, ಇಲ್ಲಿ ಹೊಸಬರಿಗೂ ತಾಪತ್ರಯ. ನಾವು ಕೀಲಿ ವಾಪಸ್ ತಗೊಳ್ಳೋ ದಿನವೇ ಇದನ್ನೂ ಕೇಳ್ತೀವಿ.

ಬಾಡಿಗೆ ಯುಪಿಐ ಮೂಲಕ ನೇರ ಅವ್ವನ ಖಾತೆಗೆ ಬೀಳುತ್ತೆ. ಮನೆ ಅವಳ ಹೆಸರಲ್ಲಿದೆ, ಆದಾಯವೂ ಅವಳದೇ. ಆದಾಯ ತೆರಿಗೆ ಲೆಕ್ಕದಲ್ಲಿ ಬಂದ ಬಾಡಿಗೆಯಿಂದ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದಿದ್ದರಲ್ಲಿ ಶೇ 30 ರಿಯಾಯಿತಿ ಸಿಗುತ್ತೆ. ರಿಪೇರಿಗೆ ಎಷ್ಟೇ ಖರ್ಚಾಗಿರಲಿ, ಅಷ್ಟೇ. ಆಸ್ತಿ ತೆರಿಗೆಯನ್ನ ಪುರಸಭೆಗೆ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ಉಳಿಯುತ್ತೆ.

ದೂರದಿಂದ ನಡೆಸೋದು

ಬೆಂಗಳೂರಿಂದ ಹುನಗುಂದ ಅಂದ್ರೆ ಒಂದು ರಾತ್ರಿಯ ಬಸ್. ಪ್ರತಿ ನಳಕ್ಕೂ ಓಡೋಕೆ ಆಗುತ್ತಾ? ಅವ್ವನ ಫೋನಿನಲ್ಲಿ ಮೂರು ನಂಬರ್ ಇವೆ: ಗೌಂಡಿ, ಎಲೆಕ್ಟ್ರಿಷಿಯನ್, ನಳದವನು. ಸಾವಿರ ರೂಪಾಯಿ ಒಳಗಿನ ಕೆಲಸಕ್ಕೆ ನನ್ನ ಕೇಳೋ ಹಾಗಿಲ್ಲ, ಅವಳೇ ಹೇಳಿ ಮಾಡಿಸ್ತಾಳೆ. ಅದಕ್ಕಿಂತ ದೊಡ್ಡದಾದ್ರೆ ಫೋಟೊ ಬರುತ್ತೆ, ನಾನು ದರ ವಿಚಾರಿಸ್ತೀನಿ. ಮೊದಮೊದಲು ಅಳುಕ್ತಿದ್ದಳು. ಈಗ ಗೌಂಡಿ ಹೇಳಿದ ಸಿಮೆಂಟ್ ಲೆಕ್ಕದಲ್ಲಿ ಒಂದು ಚೀಲ ಹೆಚ್ಚಿದ್ದರೂ ಹಿಡೀತಾಳೆ.

"ಮಾರಿ ಬ್ಯಾಂಕಿಗೆ ಹಾಕ್ರಿ, ತ್ರಾಸ ಇಲ್ಲ" ಅನ್ನೋರೂ ಇದ್ದಾರೆ. ಬಡ್ಡಿ ಲೆಕ್ಕ ಹಾಕಿದರೆ ಅವರ ಮಾತು ಸುಳ್ಳಲ್ಲ. ಆದರೆ ಬ್ಯಾಂಕಿನ ಬಡ್ಡಿ ರಾತ್ರಿ ಎದೆ ನೋವು ಬಂದಾಗ ಬಾಗಿಲು ಬಡಿದು ಕೇಳೋದಿಲ್ಲ. ಮೇಲಿನ ಮನೆಯವರು ಕೇಳ್ತಾರೆ.

ನಿಮ್ಮ ಊರಲ್ಲೂ ಅಪ್ಪ-ಅಮ್ಮನ ಹೆಸರಲ್ಲಿ ಬಾಡಿಗೆ ಮನೆ ಇದ್ದರೆ, ಈ ಭಾನುವಾರ ಒಂದು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಕರಾರು ಯಾವಾಗ ಮುಗಿಯುತ್ತೆ? ಹೋದ ವರ್ಷ ಖರ್ಚೆಲ್ಲ ಕಳೆದು ಕೈಗೆ ಉಳಿದಿದ್ದೆಷ್ಟು? ಎರಡು ತಿಂಗಳು ಬಾಡಿಗೆ ಬರದಿದ್ರೆ ಮನೆ ಹೇಗೆ ನಡೆಯುತ್ತೆ? ಮೂರನೆಯದಕ್ಕೆ "ಅದೇನ್ ಬಿಡಪ್ಪಾ, ಹೆಂಗೋ ನಡೀತದ" ಅನ್ನೋ ಉತ್ತರ ಬಂದರೆ, ಲೆಕ್ಕದ ಪುಸ್ತಕ ಹಿಡಿದು ಊರಿಗೆ ಹೋಗೋ ಬಸ್ಸಿಗೆ ಟಿಕೆಟ್ ಮಾಡಿಸಿ.