ಕತೆ ಕನ್ನಡದಲ್ಲಿ, ವಿಷಯ ಇಂಗ್ಲಿಷಲ್ಲಿ: ಈ ಹಂಚಿಕೆ ಯಾಕೆ?

ಕನ್ನಡದಲ್ಲಿ ಏನು ಓದಿದ್ದೀರಿ ಅಂತ ನಮ್ಮ ವಯಸ್ಸಿನವರನ್ನು ಕೇಳಿ ನೋಡಿ. ಭೈರಪ್ಪ ಅಂತಾರೆ, ತೇಜಸ್ವಿ ಅಂತಾರೆ, ಸ್ಕೂಲಲ್ಲಿ ಬಾಯಿಪಾಠ ಮಾಡಿದ ಕುವೆಂಪು, ಬೇಂದ್ರೆ ಪದ್ಯ ನೆನಪಿಸಿಕೊಳ್ತಾರೆ. ಅದೇ ಜನರನ್ನು ವಿಜ್ಞಾನ, ಆರೋಗ್ಯ, ಕಲೆ, ಸಮಾಜದ ಬಗ್ಗೆ ಏನು ಓದ್ತೀರಿ ಅಂತ ಕೇಳಿ. ಪಟ್ಟಿ ಪೂರ್ತಿ ಇಂಗ್ಲಿಷಿಗೆ ತಿರುಗುತ್ತೆ. ಕತೆ ಕನ್ನಡದಲ್ಲಿ, ವಿಷಯ ಇಂಗ್ಲಿಷಲ್ಲಿ ಅನ್ನೋ ಹಂಚಿಕೆ ಯಾರೂ ಹೇಳಿಕೊಡದೇನೇ ನಮ್ಮ ತಲೆಯಲ್ಲಿ ಕೂತಿದೆ.

ನಾನು ಸಾಫ್ಟ್‌ವೇರ್ ಕೆಲಸದವನು. ಎರಡು ವರ್ಷದಿಂದ ಪುಸ್ತಕದ ಅಂಗಡಿಗೆ ಹೋದಾಗಲೆಲ್ಲ ಕಾದಂಬರಿ ಕಪಾಟು ದಾಟಿ ಹಿಂದಿನ ಸಾಲಿಗೆ ಹೋಗ್ತೀನಿ. ಅಲ್ಲಿ ಸಿಕ್ಕ ಒಳ್ಳೆಯ ಪುಸ್ತಕಗಳಲ್ಲಿ ಒಂದು ಸಮಾನ ಅಂಶ ಕಾಣ್ತು: ಅವು ಯಾರೋ ಇಂಗ್ಲಿಷಿನಿಂದ ಇಳಿಸಿದವಲ್ಲ. ಆ ಕೆಲಸವನ್ನೇ ಬದುಕಾಗಿ ಮಾಡಿದವರು, ಆ ಕೆಲಸ ಗೊತ್ತಿಲ್ಲದವರಿಗಾಗಿ ಬರೆದವು.

ತಟ್ಟೆಯಲ್ಲಿರೋ ಸಸ್ಯಶಾಸ್ತ್ರ

ಬಿ.ಜಿ.ಎಲ್. ಸ್ವಾಮಿ ಹೆಸರು ಕೇಳಿರಬಹುದು. ಡಿ.ವಿ.ಜಿ. ಅವರ ಮಗ. ಪುಟ್ಟಣ್ಣ ಕಣಗಾಲರ ‘ಕಾಲೇಜು ರಂಗ’ ಸಿನಿಮಾ ಇವರ ಕಾದಂಬರಿಯಿಂದ ಬಂದದ್ದು. ಆದರೆ ವೃತ್ತಿಯಲ್ಲಿ ಇವರು ಸಸ್ಯವಿಜ್ಞಾನಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’. ಗಿಡಗಳ ಚಿತ್ರವನ್ನೂ ತಾವೇ ಬರೆದರು. 1978ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ, ಗಮನಿಸಿ.

ಅವರದೇ ಇನ್ನೊಂದು ಪುಸ್ತಕದ ಹೆಸರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಹೆಸರೇ ಅರ್ಧ ಪಾಠ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಪರಂಗಿ, ಸೀಬೆ ಇವೆಲ್ಲ ಮೂಲತಃ ಅಮೆರಿಕಾ ಖಂಡಗಳವು. ಕೊಲಂಬಸ್ ಆ ಕಡೆ ಹೋಗಿಬಂದ ಮೇಲೆ, ಹೆಚ್ಚಾಗಿ ಪೋರ್ಚುಗೀಸರ ಮೂಲಕ ನಮ್ಮ ತೀರಕ್ಕೆ ಬಂದವು. ಅದಕ್ಕೂ ಮುಂಚೆ ಇಲ್ಲಿ ಖಾರ ಅಂದರೆ ಕಾಳುಮೆಣಸು. ಹೊಸ ಕಾಯಿ ಬಂದಾಗ ನಮ್ಮವರು ಅದಕ್ಕೂ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಅಂದರು. ಕೆಲವು ಮನೆಗಳಲ್ಲಿ ಇವತ್ತಿಗೂ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಹಾಕಲ್ಲ, ಕಾಳುಮೆಣಸೇ ಬೇಕು. ಯಾಕೆ ಅಂತ ಕೇಳಿದರೆ ‘ಮೊದಲಿಂದ ಹಾಗೇ’ ಅಂತಾರೆ. ಸಸ್ಯಗಳ ಚರಿತ್ರೆ ತಿಳಿದವರಿಗೆ ಆ ‘ಮೊದಲು’ ಸುಮಾರು ಯಾವ ಕಾಲದ್ದು ಅಂತ ಹೊಳೆಯುತ್ತೆ. ಇಂಗ್ಲಿಷಿನ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಆಂಡೀಸ್ ಪರ್ವತ ಸಿಗಬಹುದು, ಅಜ್ಜಿಯ ಒಲೆ ಸಿಗಲ್ಲ.

ನೂರು ವರ್ಷದ ಹಿಂದಿನ ಸ್ಟಾರ್ಟಪ್

‘ಕನ್ನಡದಲ್ಲಿ ವಿಜ್ಞಾನ ಬರೆಯೋಕೆ ಪದಗಳೇ ಇಲ್ಲ’ ಅಂತ ಆಫೀಸಿನ ಕ್ಯಾಂಟೀನಲ್ಲಿ ಆಗಾಗ ಕೇಳ್ತೀವಿ. ಈ ಮಾತಿಗೆ ಉತ್ತರ 1918ರಲ್ಲೇ ಬಂದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಅನ್ನೋ ಮಾಸಪತ್ರಿಕೆ ಹೊರಡಿಸಿದರು. ಪತ್ರಿಕೆ ಬಹಳ ಕಾಲ ನಡೆಯಲಿಲ್ಲ. ಆದರೆ ಪದ ಇಲ್ಲ ಅಂತ ಕೂರದೆ, ಬರೀತಾ ಬರೀತಾ ಪದ ಹುಟ್ಟಿಸಬಹುದು ಅಂತ ತೋರಿಸಿಕೊಟ್ಟರು. ಇದೇ ವೆಂಕಟನಾರಣಪ್ಪನವರು ಮುಂದೆ ‘ಜೀವವಿಜ್ಞಾನ’ ಅನ್ನೋ ದೊಡ್ಡ ಪುಸ್ತಕ ಬರೆದರು. ಪಂಪಭಾರತದ ಸಂಪಾದನೆಯಲ್ಲೂ ಕೆಲಸ ಮಾಡಿದರು. ಫಿಸಿಕ್ಸ್ ಮೇಷ್ಟ್ರಿಗೆ ಪಂಪ ಯಾಕೆ ಅಂತ ಆಗ ಯಾರೂ ಕೇಳಿರಲಿಕ್ಕಿಲ್ಲ.

ಶಿವರಾಮ ಕಾರಂತರದ್ದು ಇನ್ನೊಂದು ದಾರಿ. ಅಸಹಕಾರ ಚಳವಳಿಗಾಗಿ ಕಾಲೇಜು ಬಿಟ್ಟವರು, ಡಿಗ್ರಿ ಇಲ್ಲ. ಆದರೂ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಒಬ್ಬರೇ ಬರೆದರು. ಕಲೆಯ ವಿಷಯದಲ್ಲಂತೂ ಅವರ ‘ಯಕ್ಷಗಾನ ಬಯಲಾಟ’ (1957) ಇವತ್ತಿಗೂ ಓದಬೇಕಾದ ಪುಸ್ತಕ. ನಾವೀಗ ರೀಲ್ಸಲ್ಲಿ 30 ಸೆಕೆಂಡ್ ಕುಣಿತ ನೋಡಿ ಲೈಕ್ ಒತ್ತಿ ಮುಂದೆ ಹೋಗ್ತೀವಿ. ಪ್ರಸಂಗ, ಹಾಡುಗಾರಿಕೆ, ತಾಳ, ವೇಷ ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅಂತ ಒಮ್ಮೆ ತಿಳಿದರೆ ಅದೇ ಕುಣಿತ ಬೇರೆಯಾಗಿ ಕಾಣುತ್ತೆ. ಭಾಗವತರು ಸುಮ್ಮನೆ ಹಿನ್ನೆಲೆ ಗಾಯಕರಲ್ಲ, ಇಡೀ ಆಟ ನಡೆಸೋರೇ ಅವರು ಅಂತ ತಿಳಿದ ಮೇಲೆ ನನ್ನ ಕಣ್ಣು ರಂಗದ ಹಿಂಬದಿಗೂ ಹೋಗೋಕೆ ಶುರುವಾಯ್ತು.

ಅಪ್ಪನಿಗೆ ಅರ್ಥವಾದ ಕಾಯಿಲೆ

ಇಲ್ಲಿ ತನಕ ಹೇಳಿದ್ದು ಓದಿನ ಖುಷಿ. ಆದರೆ ಕೆಲವು ಸಲ ಇಂಥ ಪುಸ್ತಕ ಖುಷಿಗಿಂತ ದೊಡ್ಡ ಕೆಲಸ ಮಾಡುತ್ತೆ.

ನನ್ನ ಗೆಳೆಯನೊಬ್ಬನಿಗೆ ಡಿಪ್ರೆಶನ್ ಅಂತ ಡಾಕ್ಟರ್ ಹೇಳಿ ಮಾತ್ರೆ ಕೊಟ್ಟರು. ಅವನ ಅಪ್ಪ ಹಳ್ಳಿಯಲ್ಲಿದ್ದಾರೆ, ಅಡಿಕೆ ತೋಟ ನೋಡ್ಕೋತಾರೆ. ಫೋನಲ್ಲಿ ಹೇಳಿದಾಗ, ‘ಕೆಲಸ ಜಾಸ್ತಿಯಾಗಿರ್ಬೇಕು ಕಣೋ. ನಾಲ್ಕು ದಿನ ಊರಿಗೆ ಬಾ, ಸರಿಹೋಗುತ್ತೆ. ಮಾತ್ರೆ ಗೀತ್ರೆ ಅಭ್ಯಾಸ ಮಾಡ್ಕೋಬೇಡ’ ಅಂದರು. ಅವನು ಇಂಗ್ಲಿಷ್ ವಿಡಿಯೋದಲ್ಲಿ ಕೇಳಿದ್ದನ್ನೆಲ್ಲ ಹೇಳೋಕೆ ಹೋದ, ಆಗಲಿಲ್ಲ. ಮಿದುಳು, ರಾಸಾಯನಿಕ ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಅಪ್ಪನಿಗೆ ಮಗ ಏನೋ ಮುಚ್ಚಿಡ್ತಿದ್ದಾನೆ ಅನ್ನೋ ಗಾಬರಿ, ಮಗನಿಗೆ ಅಪ್ಪ ನಂಬ್ತಿಲ್ಲ ಅನ್ನೋ ಬೇಸರ.

ಅವನ ಅಕ್ಕ ಖಿನ್ನತೆಯ ಬಗ್ಗೆ ಮನೋವೈದ್ಯರೊಬ್ಬರು ಕನ್ನಡದಲ್ಲಿ ಬರೆದ ತೆಳು ಪುಸ್ತಕ ತಂದು ಮನೆಯಲ್ಲಿಟ್ಟಳು. ಓದಿ ಅಂತ ಯಾರೂ ಹೇಳಲಿಲ್ಲ. ವಾರ ಕಳೆದ ಮೇಲೆ ಅಪ್ಪನೇ ಫೋನ್ ಮಾಡಿದರು. ‘ನಮ್ಮಣ್ಣನಿಗೂ ಇದೇ ಆಗಿತ್ತು ಅನ್ಸುತ್ತೆ ಕಣೋ. ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಸೋಮಾರಿ ಅಂತ ನಾವೆಲ್ಲ ಬೈತಿದ್ವಿ. ನೀನು ಡಾಕ್ಟರ್ ಹೇಳೋ ತನಕ ಮಾತ್ರೆ ನಿಲ್ಲಿಸ್ಬೇಡ.’

ಪುಸ್ತಕ ಕಾಯಿಲೆ ವಾಸಿ ಮಾಡಲಿಲ್ಲ, ಅದು ವೈದ್ಯರ ಕೆಲಸ. ಇಂಥ ಮಾತ್ರೆಗಳು ಪರಿಣಾಮ ತೋರಿಸೋಕೇ ಕೆಲವು ವಾರ ಬೇಕು, ತಾವಾಗೇ ತಟ್ಟನೆ ಬಿಡಬಾರದು. ಆ ವಾರಗಳಲ್ಲಿ ಮನೆಯವರು ಜತೆಗಿರ್ತಾರೋ ಇಲ್ಲವೋ ಅನ್ನೋದು ದೊಡ್ಡ ವಿಷಯ. ಪುಸ್ತಕ ಅಪ್ಪ ಮಗನಿಗೆ ಮಾತಾಡೋಕೆ ಒಂದೇ ಶಬ್ದ ಕೊಟ್ಟಿತು. ತೀರಿಹೋದ ಅಣ್ಣನ ಬಗ್ಗೆ ಆ ಮನೆಯಲ್ಲಿದ್ದ ಅಭಿಪ್ರಾಯವನ್ನೂ ಬದಲಿಸಿತು.

ಈ ಕೆಲಸ ಮಾಡಿದ ವೈದ್ಯರ ಪರಂಪರೆಯೇ ನಮ್ಮಲ್ಲಿದೆ. ಡಾ. ಅನುಪಮಾ ನಿರಂಜನ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಬರೆದದ್ದು ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ ಬಾಯಿಬಿಟ್ಟು ಕೇಳೋಕೂ ಹಿಂಜರಿಯುತ್ತಿದ್ದ ದಿನಗಳಲ್ಲಿ. ಅವರ ಪತಿ ನಿರಂಜನ ಅವರ ಸಂಪಾದಕತ್ವದಲ್ಲೇ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಪುಸ್ತಕಗಳೇ ಒಂದು ಕಪಾಟು ತುಂಬುತ್ತವೆ.

ಆರಿಸೋದು ಹೇಗೆ?

ಎಲ್ಲ ಪುಸ್ತಕವೂ ಚೆನ್ನಾಗಿರಲ್ಲ. ಕೊಳ್ಳೋ ಮುಂಚೆ ನಾನು ಮೂರು ವಿಷಯ ನೋಡ್ತೀನಿ. ಒಂದು, ಬರೆದವರು ಆ ಕೆಲಸ ಕೈಯಾರೆ ಮಾಡಿದವರಾ? ಎರಡು, ‘ಹೀಗಿದೆ’ ಅಂತ ಮಾತ್ರ ಹೇಳ್ತಾರಾ, ಅಥವಾ ‘ಹೀಗಿದೆ ಅಂತ ಹೇಗೆ ಗೊತ್ತಾಯ್ತು’ ಅಂತಲೂ ಹೇಳ್ತಾರಾ? ಮೂರು, ಮಧ್ಯದ ಒಂದು ಪುಟ ತೆಗೆದು ಓದಿದರೆ ನಾಲಿಗೆ ತಡವರಿಸದೆ ಸಾಗುತ್ತಾ? ಆರೋಗ್ಯದ ಪುಸ್ತಕವಾದರೆ ಮುದ್ರಣದ ವರ್ಷವನ್ನೂ ನೋಡಿ, ಚಿಕಿತ್ಸೆ ಬದಲಾಗ್ತಾ ಇರುತ್ತೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾಕಷ್ಟಿವೆ. ಮೆಟ್ರೋದಲ್ಲಿ ಫೋನಲ್ಲೇ ಓದಬಹುದು.

ಇನ್ನು ನಮ್ಮ ಕಡೆ ತಿರುಗಿ ನೋಡೋಣ. ಸಸ್ಯವಿಜ್ಞಾನಿ ಬರೆದರು, ಭೌತವಿಜ್ಞಾನಿ ಬರೆದರು, ವೈದ್ಯರು ಬರೆದರು. ಬೆಂಗಳೂರಿನ ತುಂಬ ನಾವು ಸಾಫ್ಟ್‌ವೇರಿನವರೇ ಇದ್ದೀವಿ, ನಮ್ಮ ಸಾಲಿನ ಕಪಾಟು ಮಾತ್ರ ಇನ್ನೂ ತೆಳುವಾಗಿದೆ. ಅತ್ತ ಊರಲ್ಲಿರೋ ಅಪ್ಪ ಅಮ್ಮನಿಗೆ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸೋ ಫೋನ್ ಬರ್ತಿವೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಪಡೆಯೋಕೆ ಯುಪಿಐ ಪಿನ್ ಒತ್ತೋ ಅಗತ್ಯವೂ ಇಲ್ಲ, ಪಿನ್ ಕೇಳಿದರೆ ದುಡ್ಡು ನಮ್ಮ ಖಾತೆಯಿಂದ ಹೋಗುತ್ತೆ ಅಂತ ಅರ್ಥ. ನಮಗೆ ಇದು ತೀರಾ ಸಣ್ಣ ವಿಷಯ. ಗೊತ್ತಿಲ್ಲದವರಿಗೆ ಒಂದು ಜೀವಮಾನದ ಉಳಿತಾಯ.

ಪುಸ್ತಕವೇ ಬರೆಯಬೇಕು ಅಂತಿಲ್ಲ. ನಿಮ್ಮ ಕೆಲಸದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವಿಷಯ ತಗೊಳ್ಳಿ. ಅಮ್ಮ ಓದಿ, ಪಕ್ಕದ ಮನೆಯವರಿಗೆ ಹೇಳೋ ಹಾಗೆ ಎರಡು ಪುಟ ಬರೀರಿ. ಯಾವ ಪದಕ್ಕೆ ಕನ್ನಡ ಸಿಗಲ್ಲವೋ ಅದನ್ನು ಹಾಗೇ ಬಿಡಿ. ಅಮ್ಮ ಎಲ್ಲಿ ‘ಅಂದರೇನೋ?’ ಅಂತ ಕೇಳ್ತಾರೋ, ಅಲ್ಲಿ ಇನ್ನೊಂದು ವಾಕ್ಯ ಸೇರಿಸಿ.